ಮಾರಿ ಗಂಟು

ನಮ್ಮೂರು ಮಟಕಿಯಲ್ಲಿ ಬರೀ ‘ಸಿಟ್ಟು ಬಂತು’ ಅಂದರೆ ಮಾತು ಮುಗಿಯುವುದಿಲ್ಲ. ಸಿಟ್ಟು ಮಾರಿಯ ಯಾವ ಜಾಗದಲ್ಲಿ ಬಂದು ಕುಂತಿತು ಅನ್ನುವುದನ್ನೂ ಹೇಳಬೇಕು. ಕಾಕಾ ಕಣ್ಣು ಕಿಸಿದ. ವೈನಿ ಮಾರಿ ಊದಿಸಿಕೊಂಡಳು. ಸಣ್ಣವ ಮೂತಿ ತಿರುವಿದ. ಮುತ್ಯಾ ಹಲ್ಲು ಕಡಿದ. ಆಯಿ ಮಾರಿ ಗಂಟು ಹಾಕಿಕೊಂಡು ಕುಂತಳು. ಹೊಲದಿಂದ ಬಂದವರು ಕಟ್ಟೆಯ ಮೇಲೆ ಕೂತವರನ್ನು ಕೇಳುತ್ತಿದ್ದ ಮೊದಲ ಮಾತೇ ಇದು: “ಒಳಗ ಹವಾ ಯಾಂಗದ?” ಉತ್ತರದಲ್ಲಿ ಒಂದು ಅಂಗದ ಹೆಸರು ಇದ್ದೇ ಇರುತ್ತಿತ್ತು. ಕಣ್ಣು ಅಂದರೆ ಸ್ವಲ್ಪ ಹೊತ್ತು ಹೊರಗೇ ನಿಲ್ಲಬೇಕು. ಮೂತಿ ಅಂದರೆ ಚಹಾದ ಹೊತ್ತಿಗೆ ಸರಿಹೋದೀತು. ಗಂಟು ಅಂದರೆ ಮಾತ್ರ ಹೊರಗಿನಿಂದ ಏನೂ ಗೊತ್ತಾಗುತ್ತಿರಲಿಲ್ಲ. ಒಳಗೆ ಹೋಗಿ ಮಾರಿ ನೋಡಿಯೇ ತಿಳಿಯಬೇಕು.

ಆ ಗಂಟನ್ನು ನೋಡಿ ತಿಳಿಯುವುದೇ ಈಗ ನನ್ನ ಹೊಟ್ಟೆಪಾಡಿನ ಕೆಲಸ. ನಾನು ನರ್ಸ್. ಕಲಬುರಗಿಯಲ್ಲಿ ಕಲಿತು, ಅಲ್ಲಿಯೇ ಆಸ್ಪತ್ರೆಯಲ್ಲಿ ದುಡಿದು, ಆಮೇಲೆ ಬೆಂಗಳೂರಿನಲ್ಲಿ ಜರ್ಮನ್ ಭಾಷೆ ಕಲಿತು ಈ ಕಡೆ ಬಂದವಳು. ಸ್ಟುಟ್‌ಗಾರ್ಟ್‌ನಿಂದ ಬಹಳ ದೂರವಿಲ್ಲದ ಊರಿನಲ್ಲಿ ವೃದ್ಧರ ಆರೈಕೆ ಮನೆಯೊಂದರಲ್ಲಿ ಇದ್ದೇನೆ. ನನ್ನ ಕೈಗೆ ಬರುವವರಲ್ಲಿ ಹೆಚ್ಚಿನವರು ಮರೆವಿನ ಕಾಯಿಲೆಯವರು. ಕೆಲವರಿಗೆ ಮಕ್ಕಳ ಹೆಸರು ಹೋಗಿದೆ, ಕೆಲವರಿಗೆ ತಮ್ಮ ಹೆಸರೇ ಹೋಗಿದೆ, ಇನ್ನು ಕೆಲವರಿಗೆ ಮಾತೇ ಇಲ್ಲ. ಎಲ್ಲಿ ನೋಯುತ್ತಿದೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕೇಳಿದ್ದಕ್ಕೆ ಮಾರಿ ಮಾತ್ರ ಬದಲಾಗುತ್ತದೆ. ಹಾಗಾಗಿ ಸಿಟ್ಟಿನ ಮಾರಿಗೆ ಕನ್ನಡ, ಇಂಗ್ಲಿಷ್, ಜರ್ಮನ್ ಈ ಮೂರು ಭಾಷೆಗಳಲ್ಲಿ ಏನೇನು ಅನ್ನುತ್ತಾರೆ ಅನ್ನುವುದು ನನಗೆ ಹೊತ್ತು ಕಳೆಯುವ ವಿಷಯವಲ್ಲ. ಆ ಮಾತುಗಳ ಮೇಲೆ ಒಬ್ಬರಿಗೆ ರಾತ್ರಿ ನಿದ್ದೆ ಬರುವುದೋ ಇಲ್ಲವೋ ಅನ್ನುವುದು ನಿಂತಿರುತ್ತದೆ.

ಊರಿನಲ್ಲೇ ನಮಗೆ ಮೂರು ಭಾಷೆ ಇದ್ದವು. ನಮ್ಮ ಆಳಂದ ತಾಲ್ಲೂಕು ಮಹಾರಾಷ್ಟ್ರದ ಗಡಿಗೆ ತಾಗಿಕೊಂಡ ಸೀಮೆ. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಆಳ್ವಿಕೆ, 1956ರ ನವೆಂಬರ್ 1ರಿಂದ ಕನ್ನಡನಾಡಿನ ಭಾಗ. ರಾಜ್ಯ ಬದಲಾದರೂ ಓಣಿಯ ಮಾತು ಬದಲಾಗಲಿಲ್ಲ. ಬೀಗಸ್ತನ ಮಾಡಿದ್ದು ಅಕ್ಕಲಕೋಟೆ, ಉಮರ್ಗಾ ಕಡೆ. ಸಂತೆ, ಉರುಸು ಅಂತ ಹೋಗುತ್ತಿದ್ದದ್ದು ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ. ಕಣ್ಣು ದೊಡ್ಡದು ಮಾಡಿ ಹೆದರಿಸಿದರೆ ಮರಾಠಿ ಅತ್ತೆ ‘ಡೋಳೆ ವಟಾರ್ತೋಸ್ ಕಾ’ ಅನ್ನುತ್ತಿದ್ದಳು. ಪಕ್ಕದ ಮನೆಯ ಖಾಲಾ ‘ಆಂಖಾ ನಿಕಾಲ್‌ಕೆ ಕ್ಯಾ ದೇಖ್ತಾ ರೇ’ ಅನ್ನುತ್ತಿದ್ದಳು. ನಮ್ಮವರು ‘ಕಣ್ಣ ಕಿಸೀಬ್ಯಾಡ’ ಅನ್ನುತ್ತಿದ್ದರು. ಇಲ್ಲವೇ ಖಾಲಾನ ಭಾಷೆಯಿಂದಲೇ ಎತ್ತಿಕೊಂಡ ‘ಗುರಾಯಿಸಬ್ಯಾಡ’ ಅನ್ನುತ್ತಿದ್ದರು. ಮೂರೂ ಮಂದಿಗೆ ಸಿಟ್ಟು ಅಂದರೆ ಕಣ್ಣು, ಅದೂ ಅಗಲವಾದ ಕಣ್ಣು. ಹಣೆಯ ಗಂಟಿಗೆ ಬೇರೆ ಮಾತು, ಬೇರೆ ದನಿ. ಮರಾಠಿಯಲ್ಲಿ ‘ಕಪಾಳಾಲಾ ಆಠ್ಯಾ’ ಅಂದರೆ ಹಣೆಯ ನೆರಿಗೆ. ಅದರಲ್ಲಿ ಬೇಸರ ಇದೆ, ಒಲ್ಲೆ ಅನ್ನುವುದಿದೆ, ಸಿಟ್ಟು ಇದ್ದರೂ ಇರಬಹುದು. ಹಳ್ಳಿಯ ಮಾತು ಈ ಎರಡನ್ನೂ ಒಂದಕ್ಕೊಂದು ಬೆರೆಸುತ್ತಿರಲಿಲ್ಲ.

ಬೆರೆಸದೆ ಇರುವುದಕ್ಕೆ ಬಿಸಿಲೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ. ತೊಗರಿ ಕೊಯ್ದ ಎರಿ ಹೊಲ ಬಿರುಕು ಬಿಟ್ಟು ಬಿದ್ದಿರುತ್ತದೆ, ಕಣ್ಣಿಗೆ ತಂಪಾದದ್ದು ಒಂದೂ ಸಿಗುವುದಿಲ್ಲ. ಅಂಥ ಹೊಲದಲ್ಲಿ ವರ್ಷಗಟ್ಟಲೆ ದುಡಿದವರ ಹುಬ್ಬು ತಾನಾಗಿ ಕೆಳಗಿಳಿದು ಕಣ್ಣಿಗೆ ನೆರಳು ಮಾಡುತ್ತದೆ. ಸಂಜೆ ಮನೆಗೆ ಬಂದರೂ ಆ ಗಂಟು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಪಟ್ಟಣದಿಂದ ಬಂದ ಅಧಿಕಾರಿಗಳು, ಮಾಸ್ತರರು ಇದನ್ನೇ ನೋಡಿ ಈ ಊರ ಜನ ಸಿಟ್ಟಿನವರು ಅಂತ ಹೇಳಿಕೊಂಡು ಹೋಗುತ್ತಿದ್ದರು. ನನ್ನಪ್ಪ ಯಾರಿಗೂ ಒಂದು ಎತ್ತರದ ಮಾತು ಆಡಿದವನಲ್ಲ. ಅವನ ಹಣೆಯನ್ನು ಅಷ್ಟೇ ನೋಡಿದವರು ಅದನ್ನು ನಂಬುತ್ತಿರಲಿಲ್ಲ. ಕಲಬುರಗಿಯಲ್ಲಿ ಹೊರರೋಗಿಗಳ ಸಾಲಿನಲ್ಲಿ ನಿಂತ ಇಂಥ ಎಷ್ಟೋ ಅಪ್ಪಂದಿರನ್ನು ‘ಯಾಕ್ರೀ ಹಂಗ ಸಿಟ್ಟಿಲೆ ನೋಡ್ತೀರಿ’ ಅಂತ ಗದರಿಸಿದ್ದನ್ನು ಕಂಡಿದ್ದೇನೆ. ಅದು ಅನ್ಯಾಯ. ಅವರು ಬಿಸಿಲಿನಿಂದ ಬಂದವರು, ಅಷ್ಟೇ.

ಇನ್ನು ನಮ್ಮ ಆಯಿ. ಅಪ್ಪನ ತಾಯಿ. ಅವಳ ಎರಡು ಹುಬ್ಬಿನ ನಡುವೆ ನೆಟ್ಟಗೆ ಎರಡು ಗೆರೆ. ಬೆಳಿಗ್ಗೆ ಹಚ್ಚಿದ ವಿಭೂತಿ ಹಣೆಯ ಉಳಿದ ಕಡೆ ಬೆವರಿಗೆ ಅಳಿಸಿ ಹೋದರೂ ಆ ಎರಡು ಗೆರೆಗಳೊಳಗೆ ಸಂಜೆಯವರೆಗೆ ಉಳಿಯುತ್ತಿತ್ತು. ಓಣಿಯಲ್ಲಿ ಅವಳಿಗೆ ‘ಸಿಟ್ಟಿನ ಮುದುಕಿ’ ಅಂತಲೇ ಹೆಸರು. ಹುಡುಗರು ಚೆಂಡು ನಮ್ಮ ಅಂಗಳಕ್ಕೆ ಬಿದ್ದರೆ ಬಿಟ್ಟು ಓಡುತ್ತಿದ್ದರು. ತಿಂಗಳಲ್ಲಿ ಕೆಲವು ದಿನ ಆಯಿ ಗೋಡೆ ಕಡೆ ತಿರುಗಿ ಕೂಡುತ್ತಿದ್ದಳು. ಕರೆದರೆ ಓಗೊಡಳು. ಗಂಗಾಳ ಮುಂದಿಟ್ಟರೆ ಸರಿಸುವಳು. ಅಂಥ ದಿನ ಮನೆಗೆ ಬಂದ ಯಾರೇ ಆಗಲಿ ಅವ್ವನ ಕಿವಿಯಲ್ಲಿ ಒಂದು ಮಾತು ಹಾಕಿ ಹೋಗುವರು: “ನಿಮ್ಮತ್ತಿ ನಿನ್ನ ಮ್ಯಾಲ ಸಿಟ್ಟಾಗ್ಯಾಳ ನೋಡs ಯವ್ವಾ.”

ಅತ್ತೆ-ಸೊಸೆ ನಡುವೆ ಕಿಚ್ಚು ಹತ್ತಲು ಇಷ್ಟೇ ಸಾಕಿತ್ತು. ಹತ್ತಲಿಲ್ಲ, ಯಾಕೆಂದರೆ ಅವ್ವನಿಗೆ ಮಾರಿ ಓದಲು ಬರುತ್ತಿತ್ತು. ಅವಳು ಅಕ್ಷರ ಹೆಚ್ಚು ಕಲಿತವಳಲ್ಲ. ಒಮ್ಮೆ ಸಣ್ಣತ್ತೆ ಬಂದು ಇದೇ ಮಾತು ಹೇಳಿದಾಗ ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಅಂದದ್ದು ನನಗೆ ಈಗಲೂ ಶಬ್ದಕ್ಕೆ ಶಬ್ದ ನೆನಪಿದೆ. “ಸಿಟ್ಟಲ್ಲs ತಂಗಿ, ಅವರಿಗಿ ತಲಿ ನೋಯ್ಲತದ. ಹುಬ್ಬ ನೋಡಿ ಹೇಳಬಾರ್ದು. ಮ್ಯಾಲಿನ ರೆಪ್ಪಿ ನೋಡು. ಸಿಟ್ಟಿದ್ರ ಅದು ಮ್ಯಾಲಕ್ಕ ಹೋಗ್ತದ, ಕಣ್ಣ ದೊಡ್ಡವಾಗ್ತಾವ. ನೋವಿದ್ರ ಕೆಳಗ ಬರ್ತದ, ಬೆಳಕ ಬ್ಯಾಡಾಗ್ತದ.” ಹಾಗಂದು ಎದ್ದು ಪಡಸಾಲೆಯ ಬಾಗಿಲಿಗೆ ಚಾದರ ಇಳಿಬಿಟ್ಟಳು. ಸುಂಠಿ ತೇದು ಆಯಿಯ ಹಣೆಗೆ ಹಚ್ಚಿ, ಸೆರಗಿನ ತುಂಡಿನಿಂದ ಬಿಗಿಯಾಗಿ ಕಟ್ಟಿದಳು. ಆಯಿ ಒಂದು ಮಾತೂ ಆಡಲಿಲ್ಲ. ಅವಳ ಕೈ ಮಾತ್ರ ಅವ್ವನ ಮಣಿಕಟ್ಟಿನ ಮೇಲೆ ಬಹಳ ಹೊತ್ತು ಇತ್ತು. ಅರ್ಧತಲಿ ಶೂಲಿ ಆಯಿಗೆ ಹರೆಯದಿಂದಲೂ ಇತ್ತಂತೆ. ನರ್ಸಿಂಗ್ ಓದುವಾಗ ಮೈಗ್ರೇನ್‌ನ ಲಕ್ಷಣಗಳನ್ನು ಬರೆಸುತ್ತಿದ್ದರೆ ನಾನು ಆಯಿಯನ್ನೇ ನೆನೆದು ಬರೆದುಕೊಂಡೆ.

ಅವ್ವನ ಸೂತ್ರಕ್ಕೆ ಅಪವಾದವೂ ಇತ್ತು, ಅದನ್ನೂ ಅವಳೇ ಹೇಳಿದ್ದಳು. ಮೋತಿಬಿಂದು ಬಂದವರ ಮುಂದೆ ಅದು ನಡೆಯುವುದಿಲ್ಲ. ಅವರು ಕಾಣಲಿಕ್ಕಾಗಿಯೇ ರೆಪ್ಪೆ ಎತ್ತಿ, ಹಣೆ ಸುಕ್ಕು ಮಾಡಿ ನೋಡುತ್ತಾರೆ. ಹಲ್ಲುಬ್ಯಾನಿ ಇದ್ದ ಕೂಸಿನ ಮುಂದೆಯೂ ನಡೆಯುವುದಿಲ್ಲ. ಅಲ್ಲಿ ಕೈ ಎಲ್ಲಿ ಹೋಗುತ್ತದೆ ಅನ್ನುವುದನ್ನು ನೋಡಬೇಕು.

ಬೆಂಗಳೂರಿನ ಜರ್ಮನ್ ತರಗತಿಯಲ್ಲಿ ಒಂದು ದಿನ ಪಾಠಕ್ಕೆ ಬರೀ ಮುಖಗಳ ಚಿತ್ರ ತಂದಿದ್ದರು. ಜರ್ಮನಿಯಲ್ಲಿ ನರ್ಸ್ ಆಗಬೇಕಾದರೆ ‘ಬಿ 2’ ಮಟ್ಟದ ಭಾಷೆ ಸಾಮಾನ್ಯವಾಗಿ ಬೇಕೇ ಬೇಕು, ಆ ಮಟ್ಟದಲ್ಲಿ ಭಾವನೆಗಳ ಶಬ್ದ ಬಹಳ. ನಮ್ಮಲ್ಲಿ ಹಾಸನ, ಕೊಟ್ಟಾಯಂ, ಕಲಬುರಗಿ ಎಲ್ಲ ಕಡೆಯ ಹುಡುಗಿಯರಿದ್ದೆವು. ಮೊದಲು ಇಂಗ್ಲಿಷಿನಲ್ಲಿ ಹೇಳಿ ಆಮೇಲೆ ಜರ್ಮನ್ ಹುಡುಕುವುದು ಎಲ್ಲರ ರೂಢಿ. ಇಂಗ್ಲಿಷಿನಲ್ಲಿ ಶಬ್ದಗಳಿಗೆ ಬರವಿಲ್ಲ. ಫ್ರೌನ್, ಸ್ಕೌಲ್, ಗ್ಲೇರ್, ಗ್ಲೌವರ್, ಪೌಟ್. ಆದರೆ ಒಂದೊಂದೂ ಎಲ್ಲಿ ನಿಲ್ಲುತ್ತದೆ ಅನ್ನುವುದೇ ಜಗಳ. ‘ಫ್ರೌನ್’ ಬ್ರಿಟನ್ನಿನವರಿಗೆ ಹುಬ್ಬಿನ ಮಾತು. ಅಮೆರಿಕದಲ್ಲಿ ಬಹಳ ಮಂದಿಗೆ ಅದು ಬಾಯಿಯ ತುದಿ ಕೆಳಗೆ ಬಾಗುವುದು. ‘ಗ್ಲೇರ್’ ಮಾತ್ರ ನನಗೆ ಕೂಡಲೇ ಹಿಡಿಸಿತು. ಕಣ್ಣು ಕುಕ್ಕುವ ಬಿಸಿಲಿಗೂ ಅದೇ ಶಬ್ದ, ಕಣ್ಣು ಕಿಸಿದು ನೋಡುವ ನೋಟಕ್ಕೂ ಅದೇ. ಮಟಕಿಯ ಹೊಲದ ಬದುವಿನ ಮೇಲೆ ನಿಂತರೆ ಎರಡೂ ಒಟ್ಟಿಗೆ ಅರ್ಥವಾಗುತ್ತವೆ.

ಜರ್ಮನ್ ನನಗೆ ಇಂಗ್ಲಿಷಿಗಿಂತ ಹತ್ತಿರದ್ದು ಅನ್ನಿಸಿದ್ದು ಆ ದಿನ. ಅವರೂ ನಮ್ಮ ಹಾಗೆ ಜಾಗ ಹೇಳುತ್ತಾರೆ. ‘ಷ್ಟಿರ್ನ್ ರುಂಟ್ಸೆಲ್ನ್’ ಅಂದರೆ ಹಣೆ ಸುಕ್ಕು ಮಾಡುವುದು. ‘ಆನ್‌ಫುಂಕೆಲ್ನ್’ ಅಂದರೆ ಒಬ್ಬರ ಮೇಲೆ ಕಣ್ಣಿನಿಂದ ಕಿಡಿ ಹಾರಿಸುವುದು, ನಮ್ಮ ಕೆಂಗಣ್ಣಿನ ನೆಂಟ. ‘ಫಿನ್ಸ್ಟರ್’ ನೋಡುವುದು ಅಂದರೆ ಮುಖದಲ್ಲಿ ಕತ್ತಲು ಕವಿಸಿಕೊಂಡು ನೋಡುವುದು. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೆರೆಗಳ ಹೆಸರು. ಎರಡು ಹುಬ್ಬಿನ ನಡುವೆ ನಿಂತ ಗೆರೆ ‘ತ್ಸೋರ್ನೆಸ್‌ಫಾಲ್ಟೆ’, ಸಿಟ್ಟಿನ ಗೆರೆ. ಹಣೆಯ ಉದ್ದಕ್ಕೆ ಮಲಗಿದ ಗೆರೆಗಳು ‘ಝೋರ್ಗೆನ್‌ಫಾಲ್ಟೆನ್’, ಚಿಂತೆಯ ಗೆರೆಗಳು. ಶಿಕ್ಷಕಿ ಬೋರ್ಡಿನ ಮೇಲೆ ಒಂದು ಹಣೆ ಬರೆದು ಎರಡನ್ನೂ ತೋರಿಸಿದರು. ಆಯಿಯ ಎರಡು ಗೆರೆಗೆ ಜರ್ಮನಿಯೂ ಸಿಟ್ಟು ಅಂತಲೇ ಹೆಸರಿಟ್ಟಿತ್ತು. ಮಟಕಿಯ ಓಣಿಯ ಹುಡುಗರೂ, ಅಷ್ಟು ದೂರದ ಒಂದು ಭಾಷೆಯೂ ಒಂದೇ ಮಾತು ಹೇಳುತ್ತಿದ್ದರೆ ಅವ್ವ ಒಬ್ಬಳೇ ಬೇರೆ ಹೇಳಿದ್ದಳಲ್ಲ ಅಂತ ನನಗೆ ಹೆಮ್ಮೆ ಅನ್ನಿಸಿತು.

ಅದೇ ತರಗತಿಯಲ್ಲಿ ‘ಷ್ಮೊಲೆನ್’ ಬಂತು. ತುಟಿ ಮುಂದೆ ಮಾಡಿ, ಮಾತು ಬಿಟ್ಟು, ಯಾರಾದರೂ ಬಂದು ಸಮಾಧಾನ ಮಾಡಲಿ ಅಂತ ಕೂಡುವುದು. ಹಾಸನದ ಗೆಳತಿ ‘ಮುನಿಸು’ ಅಂದಳು, ನಾನು ‘ಸೆಡವು’ ಅಂದೆ. ಎರಡೂ ಸರಿ. ಉತ್ತರ ಕರ್ನಾಟಕದಲ್ಲಿ ಶ್ರೀಕೃಷ್ಣ ಪಾರಿಜಾತ ನೋಡಿದವರಿಗೆ ಸತ್ಯಭಾಮೆ ಹೇಗೆ ಕೂಡುತ್ತಾಳೆ ಅಂತ ಹೇಳಿಕೊಡಬೇಕಿಲ್ಲ; ಮುನಿಸು ಒಂದು ರಾತ್ರಿಯ ಆಟಕ್ಕೆ ಸಾಲುವಷ್ಟು ದೊಡ್ಡ ವಿಷಯ. ಇನ್ನೊಂದು ಮಾತು ಮಾತ್ರ ನಮ್ಮ ಕಡೆಗೆ ಒಗ್ಗಲಿಲ್ಲ. ಬೇಸರದ ಮುಖ ಹೊತ್ತವರಿಗೆ ಜರ್ಮನ್ನರು ‘ಏಳು ದಿನ ಮಳೆ ಹಿಡಿದಂಥ ಮುಖ’ ಅನ್ನುತ್ತಾರೆ. ಮಿರ್ಗದ ಮಳೆ ಏಳು ದಿನ ಹಿಡಿದರೆ ನಮ್ಮೂರಲ್ಲಿ ಜನ ಹೋಳಿಗೆ ಮಾಡುತ್ತಾರೆ.

ಕನ್ನಡ, ಇಂಗ್ಲಿಷ್, ಜರ್ಮನ್ ಈ ಮೂರನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ಬಾಳಿದ ಹಿರಿಯರೊಬ್ಬರು ನನಗಿಂತ ಬಹಳ ಮುಂಚೆ ಈ ದಾರಿಯಲ್ಲಿ ಎದುರು ದಿಕ್ಕಿಗೆ ನಡೆದಿದ್ದರು. ಫರ್ಡಿನೆಂಡ್ ಕಿಟೆಲ್. 1832ರಲ್ಲಿ ಜರ್ಮನಿಯ ಉತ್ತರ ತೀರದ ಪೂರ್ವ ಫ್ರೀಸಿಯದಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಷನ್‌ನಿಂದ ಇಂಡಿಯಾಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿ ಅಂತ ತಿರುಗಿ ಶಬ್ದ ಕೂಡಿಸಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು, ಸುಮಾರು 70,000 ಶಬ್ದಗಳದ್ದು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಟ್ಯೂಬಿಂಗನ್‌ನಲ್ಲಿಯೇ 1903ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನಾನಿರುವ ಕಡೆಯಿಂದ ಆ ಊರಿಗೆ ರೈಲಿನಲ್ಲಿ ಹೋಗಿಬರಬಹುದು. ರಜೆಯ ದಿನ ಹೋಗಿ ನೆಕಾರ್ ಹೊಳೆಯ ದಂಡೆಯಲ್ಲಿ ಕೂತು ಅವರ ಬಗ್ಗೆ ಯೋಚಿಸಿದ್ದೇನೆ.

ಕಿಟೆಲ್ ಅವರ ತಾಯಿಭಾಷೆ ಜರ್ಮನ್. ಬರೆದದ್ದು ಇಂಗ್ಲಿಷಿನಲ್ಲಿ, ಯಾಕೆಂದರೆ ಆಗ ಆಳುತ್ತಿದ್ದವರದು, ಓದುವವರದು ಆ ಭಾಷೆ. ಗಾದೆಗಳನ್ನೂ, ಆಡುಮಾತನ್ನೂ ಬಿಡದೆ ಸೇರಿಸಿದ ಅಂಥ ಕಿವಿಯುಳ್ಳವರು ಪಕ್ಕದಲ್ಲಿ ಒಂದು ಸಾಲು ಜರ್ಮನ್ನನ್ನೂ ಬರೆದಿದ್ದರೆ ಎಷ್ಟು ಒಳ್ಳೆಯದಿತ್ತು! ಹುಬ್ಬಿನ ಗಂಟಿಗೆ, ಕೆಕ್ಕರುಗಣ್ಣಿಗೆ, ಮುನಿಸಿಗೆ ತಮ್ಮೂರಲ್ಲಿ ತಾವು ಚಿಕ್ಕಂದಿನಿಂದ ಕೇಳಿದ ಮಾತು ಅವರ ಬಾಯಿಗೆ ಮೊದಲು ಬಂದಿರಲೇಬೇಕು. ಅದನ್ನು ನುಂಗಿಕೊಂಡು ಅವರು ಮೂರನೆಯ ಭಾಷೆಯಲ್ಲಿ ಶಬ್ದ ಹುಡುಕಿದರು. ಇವತ್ತು ಕರ್ನಾಟಕದಿಂದ ಈ ನಾಡಿಗೆ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಅದೇ ಮೂರನೆಯ ಭಾಷೆಯ ಮೂಲಕವೇ ಹಾಯಬೇಕಾಗಿದೆ. ಹಾಯುವಾಗ ಒಂದಿಷ್ಟು ಚೆಲ್ಲಿ ಹೋಗುತ್ತದೆ. ಎಷ್ಟು ಚೆಲ್ಲುತ್ತದೆ ಅನ್ನುವುದು ನನಗೆ ವಾರ್ಡಿನಲ್ಲಿ ಗೊತ್ತಾಯಿತು.

ಇಲ್ಲಿ ಪಾಳಿ ಬದಲಾಗುವಾಗ ಒಬ್ಬೊಬ್ಬರ ಬಗ್ಗೆ ಬರೆದದ್ದನ್ನು ಓದಿ ಒಪ್ಪಿಸಬೇಕು. ಬರೆಯುವುದಕ್ಕೆ ಒಂದು ಕಟ್ಟುಪಾಡಿದೆ: ತೀರ್ಪು ಬರೆಯಬಾರದು, ಕಂಡದ್ದನ್ನು ಬರೆಯಬೇಕು. ‘ಸಿಟ್ಟಿನಿಂದ ಇದ್ದರು’ ಅನ್ನುವುದು ತೀರ್ಪು. ಹುಬ್ಬು ಕೂಡಿತ್ತು, ತುಟಿ ಬಿಗಿದಿತ್ತು, ತೊಳೆಯಲು ಹೋದ ಕೈ ತಳ್ಳಿದರು ಅನ್ನುವುದು ಕಂಡದ್ದು. ಹೊಸಬರಿಗೆ ಇದು ಬಹಳ ಕಷ್ಟ. ಇಲ್ಲಿಯೇ ಹುಟ್ಟಿ ಬೆಳೆದ ಹುಡುಗರೂ ಅವಸರದಲ್ಲಿ ‘ಬ್ಯೋಜೆ ನೋಡಿದರು’, ಅಂದರೆ ಕೆಟ್ಟ ಸಿಟ್ಟಿನಿಂದ ನೋಡಿದರು, ಅಂತ ಬರೆದುಬಿಡುತ್ತಾರೆ. ನನಗೆ ಕಷ್ಟವಾಗಲಿಲ್ಲ. ಅಂಗದ ಹೆಸರು ಹಿಡಿದು ಮಾರಿಯ ಸುದ್ದಿ ಹೇಳುವುದು ನಮ್ಮ ಕಟ್ಟೆಯ ಮೇಲೆ ದಿನಾ ನಡೆಯುತ್ತಿದ್ದ ಕೆಲಸ. ಮೇಲ್ವಿಚಾರಕಿ ನನ್ನ ಬರಹ ಓದಿ, ಇಷ್ಟು ಸ್ವಚ್ಛವಾಗಿ ಬರೆಯುವುದನ್ನು ಎಲ್ಲಿ ಕಲಿತೆ ಅಂತ ಕೇಳಿದಳು. ಆಳಂದ ತಾಲ್ಲೂಕಿನಲ್ಲಿ ಅಂತ ಹೇಳಿದೆ.

ಮಾತು ಬಾರದವರ ನೋವು ಅಳೆಯಲು ಒಂದು ಹಾಳೆ ಇದೆ. ಅದರ ಮೂಲ ಅಮೆರಿಕದ್ದು, 2003ರಲ್ಲಿ ವಾರ್ಡನ್, ಹರ್ಲಿ, ವೊಲಿಸರ್ ಎಂಬ ಮೂವರು ಮಾಡಿದ್ದು, ಹೆಸರು ‘ಪೇನ್‌ಆಡ್’. ಜರ್ಮನ್ ರೂಪ 2006ರಲ್ಲಿ ಬಂತು, ‘ಬೆಸ್ಡ್’ ಅನ್ನುತ್ತಾರೆ. ಉಸಿರು, ನರಳಾಟ, ಮುಖ, ಮೈಯ ಬಿಗಿತ, ಸಮಾಧಾನ ಮಾಡಿದರೆ ಆಗುತ್ತಾರೋ ಇಲ್ಲವೋ — ಹೀಗೆ ಐದು ಮನೆ. ಒಂದೊಂದಕ್ಕೆ 0ಯಿಂದ 2, ಒಟ್ಟು 10. ಎರಡು ನಿಮಿಷ ಸುಮ್ಮನೆ ನಿಂತು ನೋಡಿ ತುಂಬಬೇಕು. ಎರಡು ನಿಮಿಷ ಕಡಿಮೆ ಅನ್ನಿಸಬಹುದು; ಒಬ್ಬರ ಮುಖವನ್ನು ಬೇರೇನೂ ಮಾಡದೆ ಎರಡು ನಿಮಿಷ ನೋಡಿದವರಿಗೆ ಅದು ಎಷ್ಟು ಉದ್ದ ಅಂತ ಗೊತ್ತು.

ಆ ಹಾಳೆಯ ಮುಖದ ಮನೆಯಲ್ಲಿ ಇಂಗ್ಲಿಷಿನವರು 1 ಅಂಕಕ್ಕೆ ಮೂರು ಶಬ್ದ ಇಟ್ಟಿದ್ದಾರೆ: ದುಃಖ, ಹೆದರಿಕೆ, ಫ್ರೌನ್. ಜೊತೆಗಿನ ವಿವರಣೆಯಲ್ಲಿ ಫ್ರೌನ್ ಅಂದರೆ ಬಾಯಿಯ ತುದಿ ಕೆಳಗೆ ಬಾಗುವುದು, ಹಣೆಯಲ್ಲಿ, ಬಾಯಿಯ ಸುತ್ತ ಸುಕ್ಕು ಹೆಚ್ಚಬಹುದು ಅಂತ ಇದೆ. ಜರ್ಮನ್ ಹಾಳೆಯಲ್ಲಿ ಅದೇ ಜಾಗಕ್ಕೆ ಬಂದಿರುವುದು ‘ಝೋರ್ಗೆನ್‌ಫೊಲರ್ ಬ್ಲಿಕ್’, ಚಿಂತೆ ತುಂಬಿದ ನೋಟ. ಬಾಯಿಯಲ್ಲಿದ್ದದ್ದು ಕಣ್ಣಿಗೆ ಬಂತು. ಯಾರದ್ದೂ ತಪ್ಪಲ್ಲ. ಆದರೆ ನಮ್ಮಲ್ಲಿಂದ ಬಂದ ಹುಡುಗಿಯರು ಇದನ್ನು ತುಂಬುವಾಗ ತಡವರಿಸುತ್ತಾರೆ. ‘ಫ್ರೌನ್’ ಅಂದರೆ ಅವರು ಶಾಲೆಯಲ್ಲಿ ಕಲಿತದ್ದು ಸಿಟ್ಟಿನ ಮುಖ. ಸಿಟ್ಟಿನ ಮುಖಕ್ಕೆ ನೋವಿನ ಹಾಳೆಯಲ್ಲಿ ಯಾಕೆ ಅಂಕ ಅಂತ ಕೇಳುತ್ತಾರೆ. ಅಂಥವರಿಗೆ ನಾನು ಕನ್ನಡದಲ್ಲಿ ‘ಮಾರಿ ಗಂಟು’ ಅಂತ ಬರೆದುಕೊಡುತ್ತೇನೆ. ದಕ್ಷಿಣದ ಕಡೆಯವರಾದರೆ ‘ಮುಖ ಗಂಟು ಹಾಕಿಕೊಳ್ಳೋದು’ ಅನ್ನುತ್ತೇನೆ. ಆ ಮಾತಿನಲ್ಲಿ ಸಿಟ್ಟೇ ಅಂತ ನಿಕ್ಕಿ ಇಲ್ಲ, ನೋವೂ ಇರಬಹುದು, ಚಿಂತೆಯೂ ಇರಬಹುದು. ಒಳಗೆ ಹೋಗಿ ನೋಡು ಅನ್ನುವ ಮಾತು ಅದು.

ವಿಜ್ಞಾನದವರೂ ಆ ಗಂಟಿನ ಬಗ್ಗೆ ಬಹಳ ಹಿಂದೆಯೇ ಯೋಚಿಸಿದ್ದಾರೆ. ಚಾರ್ಲ್ಸ್ ಡಾರ್ವಿನ್ 1867ರಲ್ಲಿ ಮಿಷನರಿಗಳಿಗೆ, ದೂರದ ನಾಡುಗಳಲ್ಲಿದ್ದವರಿಗೆ ಪ್ರಶ್ನೆಗಳ ಪಟ್ಟಿ ಕಳಿಸಿದ. ನೀವಿರುವಲ್ಲಿಯ ಜನ ಆಳವಾಗಿ ಯೋಚಿಸುವಾಗ ಹುಬ್ಬು ಗಂಟು ಹಾಕುತ್ತಾರೆಯೇ, ಮಕ್ಕಳು ಮುನಿಸಿಕೊಂಡರೆ ತುಟಿ ಮುಂದೆ ಮಾಡುತ್ತಾರೆಯೇ, ಇಂಥವು. ಉತ್ತರಗಳನ್ನೆಲ್ಲ ಸೇರಿಸಿ 1872ರಲ್ಲಿ ಪುಸ್ತಕ ತಂದ, ಅದೇ ವರ್ಷ ಜರ್ಮನ್ ಅನುವಾದವೂ ಬಂತು. ಹುಬ್ಬಿನ ಗಂಟು ಮೂಲದಲ್ಲಿ ಸಿಟ್ಟಿನದಲ್ಲ, ಏನೋ ಒಂದು ಕಷ್ಟ ಎದುರಾದಾಗಿನದು, ಬೆಳಕಿನಿಂದ ಕಣ್ಣು ಕಾಪಾಡಿಕೊಳ್ಳುವಾಗಿನದು ಅನ್ನುವುದು ಅವನ ವಾದ. ಅದನ್ನು ಓದಿದಾಗ ಅಪ್ಪನ ಹಣೆಗೆ ಒಬ್ಬ ಸಾಕ್ಷಿ ಸಿಕ್ಕ ಹಾಗಾಯಿತು.

1978ರಲ್ಲಿ ಪಾಲ್ ಎಕ್ಮನ್ ಮತ್ತು ವಾಲೆಸ್ ಫ್ರೀಸನ್ ಮುಖದ ಒಂದೊಂದು ಚಲನೆಗೂ ಒಂದು ನಂಬರು ಕೊಟ್ಟರು. ಹುಬ್ಬು ಇಳಿದು ಕೂಡುವುದು 4. ಮೇಲಿನ ರೆಪ್ಪೆ ಏಳುವುದು 5. ರೆಪ್ಪೆ ಬಿಗಿಯುವುದು 7. ಕಣ್ಣು ಮುಚ್ಚುವುದು 43. ಸಿಟ್ಟಿನ ಮುಖದಲ್ಲಿ ಅವರು ಮುಖ್ಯವಾಗಿ ಕಂಡದ್ದು 4, 5, 7, ಅದರ ಜೊತೆ ಬಿಗಿದ ತುಟಿ. ಕೆನೆತ್ ಪ್ರಕಾಚಿನ್ ಎಂಬ ಸಂಶೋಧಕ 1992ರಲ್ಲಿ ನೋವಿನ ಮುಖವನ್ನು ಅದೇ ನಂಬರುಗಳಲ್ಲಿ ಬಿಡಿಸಿದ. ಅಲ್ಲಿಯೂ 4 ಇದೆ, ಕಣ್ಣಿನ ಸುತ್ತಲ ಬಿಗಿತ ಇದೆ, ಮೂಗು ಸುಕ್ಕಾಗುವುದು ಮತ್ತು ಮೇಲ್ದುಟಿ ಏಳುವುದು ಇದೆ. 5ರ ಬದಲು 43 ಇದೆ. ನಾನು ಇದನ್ನು ಓದಿದ್ದು ರಾತ್ರಿ ಪಾಳಿಯಲ್ಲಿ. ಓದಿ ಮತ್ತೊಮ್ಮೆ ಓದಿದೆ. ಹುಬ್ಬು ಎರಡಕ್ಕೂ ಒಂದೇ, ಬೇರೆಯಾಗುವುದು ಮೇಲಿನ ರೆಪ್ಪೆಯಲ್ಲಿ. ಹಂಚಿನ ಮುಂದೆ ಕೂತು ರೊಟ್ಟಿ ಬಡಿಯುತ್ತ ಅವ್ವ ಹೇಳಿದ್ದು ಇದನ್ನೇ. ಅವಳಿಗೆ ನಂಬರು ಗೊತ್ತಿರಲಿಲ್ಲ, ಅಷ್ಟೇ.

ಇದನ್ನು ತಿಳಿದು ಆಗುವ ಉಪಕಾರವೂ ಸಣ್ಣದಲ್ಲ. ನಾರ್ವೆಯಲ್ಲಿ ಬೆಟ್ಟಿನಾ ಹೂಸೆಬೊ ಮತ್ತು ಸಂಗಡಿಗರು 18 ಆರೈಕೆ ಮನೆಗಳ 352 ಜನ ಮರೆವಿನ ಕಾಯಿಲೆಯವರ ಮೇಲೆ ಮಾಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಎಲ್ಲರೂ ಸಿಡುಕುವವರು, ಹೊಡೆಯುವವರು, ಕೂಗುವವರು ಅಂತ ಗುರುತಾದವರೇ. ಅರ್ಧದಷ್ಟು ಮಂದಿಗೆ ಎಂದಿನ ಆರೈಕೆ. ಉಳಿದವರಿಗೆ ಎಂಟು ವಾರ ನೋವಿನ ಔಷಧಿಯನ್ನು ಹಂತ ಹಂತವಾಗಿ ಕೊಟ್ಟರು. ಮೊದಲ ಹಂತ ನಮ್ಮೂರ ಕಿರಾಣಿ ಅಂಗಡಿಯಲ್ಲೂ ಸಿಗುವ ಪ್ಯಾರಾಸಿಟಮಾಲ್. ನೋವಿನ ಔಷಧಿ ಪಡೆದವರ ಸಿಡುಕು ಎದ್ದು ಕಾಣುವಷ್ಟು ಇಳಿಯಿತು. ಸಿಟ್ಟು ಇಳಿಸಲು ಮಂಪರಿನ ಮಾತ್ರೆ ಬರೆಸುವ ಮೊದಲು ನೋವು ಹುಡುಕಬೇಕು ಅನ್ನುವುದಕ್ಕೆ ನಾನು ಇದಕ್ಕಿಂತ ದೊಡ್ಡ ಆಧಾರ ಕೇಳುವುದಿಲ್ಲ. ಮಂಪರು ಬಂದವರ ಹಣೆ ಸಡಿಲವಾಗುತ್ತದೆ, ನೋವು ಒಳಗೇ ಇರುತ್ತದೆ. ಅದನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮ್ಮ ಮಹಡಿಗೆ ಒಬ್ಬ ಅಜ್ಜಿ ಬಂದರು. ಹೊಲಿಗೆ ಕೆಲಸ ಮಾಡಿ ಮಕ್ಕಳನ್ನು ಸಾಕಿದವರು, ಶ್ವಾಬಿಯದ ಹಳ್ಳಿಯವರು. ಆ ಕಡೆಯ ಮುದುಕರು ಗೊಣಗುವುದರಲ್ಲಿ ಹೆಸರಾದವರು. ‘ಬ್ರುಡೆಲ್ನ್’ ಅಂತ ಅದಕ್ಕೊಂದು ಶಬ್ದವೇ ಇದೆ. ಹಾಗಾಗಿ ಈ ಅಜ್ಜಿ ಊಟದ ಹೊತ್ತಿಗೆ ಹುಬ್ಬು ಗಂಟಿಕ್ಕಿ ತಟ್ಟೆ ತಳ್ಳಿದರೆ, ಚಮಚ ಹಿಡಿದ ಕೈಗೆ ಹೊಡೆದರೆ, ಅವರ ಸ್ವಭಾವವೇ ಹಾಗೆ ಅಂತ ಎಲ್ಲರೂ ಅಂದರು. ಮಗಳೂ ಹಾಗೇ ಅಂದಳು: ಅಮ್ಮ ಮೊದಲಿನಿಂದ ಸ್ವಲ್ಪ ಖಾರ. ನಾನು ಎರಡು ನಿಮಿಷ ನಿಂತು ನೋಡಿದೆ. ಚಮಚ ಬಾಯಿಯ ಹತ್ತಿರ ಬಂದಾಗ ಹುಬ್ಬು ಕೂಡಿತು. ಮೇಲಿನ ರೆಪ್ಪೆ ಕೆಳಗೆ ಬಂತು. ಕಣ್ಣು ಪೂರ್ತಿ ಮುಚ್ಚಿಕೊಂಡವು. ಆಮೇಲೆ ಕೈ ಎದ್ದಿತು. ಮರುದಿನವೂ ಅದೇ ಕ್ರಮ. ಕಂಡದ್ದನ್ನು ಕಂಡ ಹಾಗೆ ಬರೆದೆ, ಅಂಕ ಹಾಕಿದೆ, ದಂತವೈದ್ಯರನ್ನು ಕರೆಸಿ ಅಂತ ಕೇಳಿಕೊಂಡೆ. ಕಟ್ಟಿಸಿದ ಹಲ್ಲಿನ ಸೆಟ್ಟಿನ ಕೆಳಗೆ ಒಸಡಿನಲ್ಲಿ ದೊಡ್ಡ ಹುಣ್ಣು ಇತ್ತು. ಸೆಟ್ ತೆಗೆದು, ಹುಣ್ಣು ಮಾಯುವವರೆಗೆ ಮೆತ್ತನೆಯ ಊಟ ಕೊಟ್ಟೆವು. ಯಾರಿಗೂ ಆಮೇಲೆ ಏಟು ಬೀಳಲಿಲ್ಲ.

ಹುಣ್ಣು ಮಾಯ್ದು ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಅವರ ಕೋಣೆಯ ಕಿಟಕಿ ತೆರೆದೆ. ಇಲ್ಲಿಯವರಿಗೆ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿ ತೆರೆದು ಗಾಳಿ ಆಡಿಸದಿದ್ದರೆ ದಿನವೇ ಶುರುವಾಗುವುದಿಲ್ಲ, ಹೊರಗೆ ಎಷ್ಟೇ ಚಳಿ ಇರಲಿ. ಅಜ್ಜಿ ತಲೆ ಎತ್ತಿದರು. ಹುಬ್ಬು ಕೂಡಿತು. ಈ ಸಲ ರೆಪ್ಪೆ ಮೇಲಕ್ಕೆ ಹೋಯಿತು. ನೀಲಿ ಕಣ್ಣು ಎರಡೂ ಅಗಲವಾಗಿ ನನ್ನನ್ನು ಗುರಾಯಿಸಿದವು. ಬಹಳ ದಿನದಿಂದ ಮಾತೇ ಆಡದಿದ್ದವರು ‘ತ್ಸೂ!’ ಅಂದರು. ಮುಚ್ಚು ಅಂತ. ನಾನು ಓಡಿಹೋಗಿ ಮುಚ್ಚಿದೆ, ಆಮೇಲೆ ಹಾಳೆಯಲ್ಲಿ ಬರೆದೆ: ಹುಬ್ಬು ಕೂಡಿದೆ, ಕಣ್ಣು ಅಗಲ ತೆರೆದಿದೆ, ದನಿ ಗಟ್ಟಿ, ನೋವಿನ ಅಂಕ ಸೊನ್ನೆ.

ಆ ದಿನ ಸಂಜೆ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳಿಗೆ ಈಗ ಮೋತಿಬಿಂದಿನ ಆಪರೇಷನ್ ಆಗಿದೆ, ದನಿ ಮಾತ್ರ ಹಾಗೇ ಇದೆ.

“ಕಣ್ಣ ಕಿಸಿದಳಾ?” ಅಂತ ಕೇಳಿದಳು.

“ಹ್ಞೂಂ ಅವ್ವಾ, ಇಷ್ಟಗಲ.”

“ಹಂಗಾದ್ರ ಆರಾಮಾಗ್ಯಾಳ ಬಿಡು. ಆದ್ರ ಅಷ್ಟ್ ಚಳ್ಯಾಗ ಮುದುಕಿ ಕ್ವಾಣಿ ಕಿಟಕಿ ಯಾಕ ತೆರದೀ ನೀ?”